ಐರಿಷ್ ಮದುವೆ: ಕತ್ತು ಬಿರುಕು ಬಿಟ್ಟ ಮೂರ್ತಿ ನನ್ನ ಕೈಯಲ್ಲಿದೆ, ಏನು ಮಾಡಲಿ?

ಬೆಣ್ಣೆದೋಸೆ_ಡಬ್ಲಿನ್
ಶನಿವಾರ ಕ್ಲೇರ್ ಕೌಂಟಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯ ಮದುವೆ. ಇಲ್ಲಿರುವ ಅವಳ ಅಜ್ಜಿ, ಹೇಗೂ ಕಾರಿನಲ್ಲಿ ಹೋಗ್ತೀಯಲ್ಲ ಅಂತ ಟವೆಲ್‌ನಲ್ಲಿ ಸುತ್ತಿದ ಮೂರ್ತಿ ಕೊಟ್ಟರು. ಒಂದು ಗೇಣುದ್ದ, ಕೆಂಪು ನಿಲುವಂಗಿ, ಕಿರೀಟ. ಮನೆಗೆ ಬಂದು ಬಿಚ್ಚಿದರೆ ಕತ್ತಿನ ಸುತ್ತ ಬಿರುಕು, ತಲೆ ಅಲ್ಲಾಡುತ್ತಿದೆ! ನಾನೇ ಮುರಿದೆನೋ, ಮೊದಲೇ ಹಾಗಿತ್ತೋ. ಭಿನ್ನವಾದ ಮೂರ್ತಿಯನ್ನು ಮದುವೆ ಮನೆಗೆ ಒಯ್ಯುವುದು ಅಪಶಕುನ ಅಲ್ವಾ? ಸುಮ್ನೆ ಗ್ಲೂ ಹಾಕಿಬಿಡಲಾ?

ಗಾಲ್ವೇ_ಸೊಸೆ
ಅಯ್ಯೋ, ಮುಟ್ಟಬೇಡಿ! ಅದು ಬಾಲಯೇಸು, ಇಲ್ಲಿಯವರ ಬಾಯಲ್ಲಿ 'ಚೈಲ್ಡ್ ಆಫ್ ಪ್ರಾಗ್'. ಮದುವೆ ಹಿಂದಿನ ರಾತ್ರಿ ಹೊರಗೆ ಬೇಲಿ ಬುಡದಲ್ಲಿ ಇಟ್ಟರೆ ಮಳೆ ಬರಲ್ಲ ಅಂತ ನಂಬಿಕೆ. ತಲೆ ಮುರಿದಿದ್ದರೆ ಇನ್ನೂ ಒಳ್ಳೆಯದಂತೆ. ಆದರೆ ತಾನಾಗಿ ಮುರಿದಿರಬೇಕು, ಬೇಕಂತ ಮುರಿದದ್ದು ಲೆಕ್ಕಕ್ಕಿಲ್ಲ. ನನ್ನ ಮದುವೆಗೂ ಇಟ್ಟಿದ್ದರು, ಧೋ ಅಂತ ಮಳೆ. ತಲೆ ಗಟ್ಟಿಯಾಗಿತ್ತು, ಅದಕ್ಕೇ ಅಂದರು ಅತ್ತೆ.

ಕ್ಲೇರ್ ಅಂದ್ರಲ್ಲ, ಊಟ ಮುಗಿದ ಮೇಲೆ ಮುಖ ಮುಚ್ಚುವ ಹುಲ್ಲಿನ ಟೊಪ್ಪಿ ಹಾಕಿಕೊಂಡವರು ನುಗ್ಗಿದರೆ ಗಾಬರಿ ಬೇಡ. ಸ್ಟ್ರಾಬಾಯ್ಸ್. ಮೊದಲೆಲ್ಲ ಕರೆಯದೇ ಬರುತ್ತಿದ್ದರು, ಈಗ ಎಷ್ಟೋ ಕಡೆ ಮನೆಯವರೇ ಕರೆಸುತ್ತಾರೆ. ಮದುಮಗಳನ್ನು ಕುಣಿಸಿ ಹೋಗುತ್ತಾರೆ.

ವಿವೇಕನಗರದವನು
ಇದು ನಮ್ಮ ಬೆಂಗಳೂರಿನ ವಿವೇಕನಗರದ ಬಾಲಯೇಸುವೇ! ಗುರುವಾರ ಅಲ್ಲಿ ಕಾಲಿಡಲು ಜಾಗ ಇರಲ್ಲ. ಕೆಲಸ ಕೇಳ್ತಾರೆ, ಮಕ್ಕಳನ್ನ ಕೇಳ್ತಾರೆ. ಮಳೆ ನಿಲ್ಲಿಸು ಅಂದವರನ್ನು ಕಂಡಿಲ್ಲ. ಅಂದಹಾಗೆ, ಅಲ್ಲಿ ನಮ್ಮ ಆಷಾಢದ ಥರ ಏನೂ ಇಲ್ವಾ?

ಗಾಲ್ವೇ_ಸೊಸೆ
ಇದೆಯಲ್ಲ. ಮೇ ತಿಂಗಳಲ್ಲಿ ಮದುವೆಯಾದರೆ ಮರುಗಬೇಕಾಗುತ್ತೆ ಅಂತ ಗಾದೆ, ಈಗ ಯಾರೂ ಕೇಳಲ್ಲ. ಹಿಂದೆ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದಲ್ಲಿ ಮದುವೆ ಮಾಡುತ್ತಿರಲಿಲ್ಲ. ಹಾಗಾಗಿ ಲೆಂಟ್ ಶುರುವಾಗುವ ಮುಂಚೆ ಮದುವೆಗಳ ಸುಗ್ಗಿ. ಆಗಲೂ ಹೆಣ್ಣು ಸಿಗದೆ ಉಳಿದವನು ಲೆಂಟಿನ ಮೊದಲ ಭಾನುವಾರ ಚರ್ಚಿಗೆ ಬಂದರೆ, ಪುಂಡ ಹುಡುಗರು ಕೋಟಿನ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ ಗೀಚಿಬಿಡುತ್ತಿದ್ದರು. ಆ ದಿನಕ್ಕೆ 'ಚಾಕ್ ಸಂಡೇ' ಅಂತಲೇ ಹೆಸರು. ಪಾಪ, ಅಲ್ವಾ?

ಬೆಣ್ಣೆದೋಸೆ_ಡಬ್ಲಿನ್
ಮದುವೆ ಮುಗಿಸಿ ಬಂದೆ. ಗ್ಲೂ ಹಾಕಲಿಲ್ಲ. ಮೂರ್ತಿ ಕೈಗೆ ಬಂದದ್ದೇ ಹುಡುಗಿಯ ಅಮ್ಮ ಮೊದಲು ಕತ್ತು ಅಲ್ಲಾಡಿಸಿ ನೋಡಿದರು. ಖುಷಿಯೋ ಖುಷಿ! ಬೆಳಿಗ್ಗೆ ಹತ್ತರವರೆಗೆ ಜಿಟಿಜಿಟಿ, ಆಮೇಲೆ ಬಿಸಿಲು. ಹುಲ್ಲು ಟೊಪ್ಪಿಯವರು ನನ್ನನ್ನೂ ಬಿಡದೆ ಕುಣಿಸಿದರು. ಇಷ್ಟರಲ್ಲಿ ಮೂರ್ತಿಯ ನೆನಪು ಯಾರಿಗೂ ಇಲ್ಲ. ಇವತ್ತು ಹೊರಡುವ ಮುಂಚೆ ನಾನೇ ಹೋಗಿ ಎತ್ತಿಕೊಂಡು ಬಂದೆ. ಕಿರೀಟದ ಮೇಲೆ ಒಂದು ಬಸವನಹುಳು.