ಮಾಲು ಬಾರದ ಬಿಲ್‌ಗೆ ಎಂಟ್ರಿ ಹಾಕು ಅಂತಾರೆ. ಕಥೋಲಿಕನಾಗಿ ನಾನೇನು ಮಾಡಲಿ?

ಕನಕಪುರದ ಹುಡುಗ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಫ್ಯಾಕ್ಟರಿಯ ಅಕೌಂಟ್ಸ್‌ಗೆ ಈಚೆಗೆ ಸೇರಿದ್ದೇನೆ. ಹಿಂದಿನ ಅಕೌಂಟೆಂಟ್ ಬಿಟ್ಟು ಹೋದರು, ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಪೂರ್ತಿ ನನ್ನ ಕೈಗೆ ಬಂತು. ತಿಂಗಳ ಕೊನೆಗೆ ಮಾಲೀಕರು ಒಂದು ಕಟ್ಟು ಬಿಲ್ ತಂದು ಮೇಜಿನ ಮೇಲೆ ಇಟ್ಟರು. ಎಲ್ಲಾ ಕಬ್ಬಿಣದ ಶೀಟ್‌ದು. ಗೇಟಿನ ಇನ್‌ವರ್ಡ್ ಪುಸ್ತಕದಲ್ಲಿ ಆ ಲಾರಿ ನಂಬರೇ ಇಲ್ಲ, ತೂಕದ ಚೀಟಿ ಇಲ್ಲ, ಸ್ಟೋರ್‌ನವರ ಸಹಿಯೂ ಇಲ್ಲ. ಜಿಎಸ್‌ಟಿ ಕ್ರೆಡಿಟ್ ತಗೊಳ್ಳೋಕೆ, ಅಂದರೆ ಖರೀದಿಗೆ ಕೊಟ್ಟ ತೆರಿಗೆ ಅಂತ ತೋರಿಸಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯೋಕೆ ಅಂತ ಯಾರಿಗಾದರೂ ಅರ್ಥ ಆಗುತ್ತೆ. ಇದರ ಜೊತೆಗೆ ಕಾಂಟ್ರಾಕ್ಟ್ ಹುಡುಗರ ಸಂಬಳದಲ್ಲಿ ಪಿಎಫ್ ಹಿಡಿದಿದ್ದಾರೆ, ಆದರೆ ಕಟ್ಟಿಲ್ಲ.

ನಾನಿನ್ನೂ ಎಂಟ್ರಿ ಹಾಕಿಲ್ಲ. ಹಾಕಲ್ಲ ಅಂದರೆ ಕೆಲಸ ಉಳಿಯೋದು ಅನುಮಾನ, ಊರಲ್ಲಿ ಅಪ್ಪ ಅಮ್ಮ ನನ್ನ ಸಂಬಳ ನಂಬಿದ್ದಾರೆ. ಭಾನುವಾರ ಪೂಜೆಯಲ್ಲಿ ಹಾಡುತ್ತೇನೆ, ಪರಮಪ್ರಸಾದ ಸ್ವೀಕರಿಸುತ್ತೇನೆ. ಸೋಮವಾರ ಈ ಕಟ್ಟಿನ ಮುಂದೆ ಕೂತಾಗ ಏನು ಮಾಡಬೇಕು ಅಂತ ತೋಚುತ್ತಿಲ್ಲ. ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ.

ಹಳೇ ಲೆಕ್ಕಿಗ:
ತಮ್ಮಾ, ಎಂಟ್ರಿ ಹಾಕದೆ ಇದ್ದೀಯಲ್ಲ, ಒಳ್ಳೆಯದಾಯ್ತು. ಹಾಕಬೇಡ.

ಬೈಬಲ್‌ನಲ್ಲಿ ಲೂಕನ ಶುಭಸಂದೇಶದ 3ನೇ ಅಧ್ಯಾಯ ಓದು. ಸುಂಕದವರು ಸ್ನಾನಿಕ ಯೊವಾನ್ನರ ಹತ್ತಿರ ಬಂದು, ನಾವೇನು ಮಾಡಬೇಕು ಅಂತ ಕೇಳುತ್ತಾರೆ. ನೀನು ಇಲ್ಲಿ ಕೇಳಿದ್ದೂ ಅದೇ ಪ್ರಶ್ನೆ. ಯೊವಾನ್ನರು ಅವರಿಗೆ ಕೆಲಸ ಬಿಡಿ ಅನ್ನಲಿಲ್ಲ, ನಿಗದಿಯಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದರು. ಸೈನಿಕರಿಗೆ, ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸಂಬಳದಲ್ಲಿ ತೃಪ್ತಿಯಾಗಿರಿ ಅಂದರು. ನನಗೆ ಈ ಭಾಗ ತುಂಬಾ ಧೈರ್ಯ ಕೊಡುತ್ತದೆ. ದುಡ್ಡು ಎಣಿಸುವ ಕೆಲಸದಲ್ಲೇ ಇದ್ದುಕೊಂಡು ದೇವರಿಗೆ ಸಲ್ಲಬಹುದು ಅಂತ ತಾನೇ ಇದರ ಅರ್ಥ?

ಧರ್ಮಸಭೆ, ಅಂದರೆ ನಮ್ಮ ಕಥೋಲಿಕ ಚರ್ಚ್ ಕೂಡ ಇದನ್ನು ಗಾಳಿಗೆ ಬಿಟ್ಟಿಲ್ಲ. ಅದರ ಬೋಧನೆಗಳ ಪುಸ್ತಕ ಕ್ಯಾಟೆಕಿಸಂನ 2409ನೇ ಪ್ಯಾರಾ ತೆಗೆದು ನೋಡು. ಕದಿಯಬೇಡ ಅನ್ನುವ ಏಳನೇ ಕಟ್ಟಳೆಗೆ ವಿರುದ್ಧವಾದವು ಅಂತ ಹೆಸರು ಹಿಡಿದು ಹೇಳಿದ್ದರಲ್ಲಿ ತೆರಿಗೆ ವಂಚನೆ ಇದೆ, ಚೆಕ್ ಮತ್ತು ಬಿಲ್ ಸುಳ್ಳು ಮಾಡುವುದೂ ಇದೆ. ಪಿಎಫ್ ವಿಷಯ ನನ್ನ ಲೆಕ್ಕದಲ್ಲಿ ಇನ್ನೂ ಕೆಟ್ಟದ್ದು, ಯಾಕಂದರೆ ಅದು ಆ ಹುಡುಗರದೇ ದುಡ್ಡು. ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಅಂತ ಯಕೋಬರು ತಮ್ಮ ಪತ್ರದ 5ನೇ ಅಧ್ಯಾಯದಲ್ಲಿ ಬರೆದಿದ್ದಾರೆ.

ಇನ್ನು ಮಾಲೀಕರ ಹತ್ತಿರ ಉಪದೇಶಕ್ಕೆ ಇಳಿಯಬೇಡ. ನಿನ್ನ ಕಸುಬಿನ ಮಾತೇ ಸಾಕು. ಮಾಲು ಬಂದಿದ್ದರೆ ಮಾತ್ರ ಕ್ರೆಡಿಟ್ ಸಿಗುತ್ತದೆ, ಅದು ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್. ಮಾಲಿಲ್ಲದೆ ಬಿಲ್ ಆಡಿಸುವುದು 132ನೇ ಸೆಕ್ಷನ್‌ನಲ್ಲಿ ಅಪರಾಧ. "ಸರ್, ಈ ಬಿಲ್‌ಗಳಿಗೆ ಸ್ಟೋರ್ ರಸೀದಿ, ಮಾಲು ಸಾಗಿಸಿದ ಇ-ವೇ ಬಿಲ್ ಸಿಕ್ಕಿಲ್ಲ, ಬಂದ ಮೇಲೆ ಬುಕ್ ಮಾಡ್ತೀನಿ" ಅಂತ ಮರ್ಯಾದೆಯಿಂದ ಮೇಲ್ ಹಾಕು. ಪಿಎಫ್ ಪ್ರತಿ ತಿಂಗಳು 15ರೊಳಗೆ ಕಟ್ಟಬೇಕು ಅನ್ನುವುದನ್ನೂ ಅದರಲ್ಲೇ ಸೇರಿಸು. ಬರಹದಲ್ಲಿರಲಿ, ಬಾಯಿಮಾತು ಬೇಡ.

ಮೈಸೂರು ಸೋಮು:
ಹೇಳೋದು ಸುಲಭ ಸರ್. ಮನೆ ಬಾಡಿಗೆ, ತಂಗಿ ಫೀಸು ಇರೋರಿಗೆ ಕಷ್ಟ ಗೊತ್ತು. ಅವನು ಸಂಬಳದಾಳು, ಮಾಲೀಕ ಹೇಳಿದ್ದು ಮಾಡ್ತಾನೆ. ಪಾಪ ಏನಿದ್ದರೂ ಮಾಲೀಕನದು ಅಲ್ವಾ?

ಹಳೇ ಲೆಕ್ಕಿಗ:
ಸೋಮು ಅವರೇ, ನೀವು ಹೇಳೋ ಕಷ್ಟ ನಿಜ, ಅದನ್ನು ತಳ್ಳಿಹಾಕಲ್ಲ. ಆದರೆ ಫ್ಯಾಕ್ಟರಿಯಲ್ಲಿ ಎಲ್ಲರೂ ಒಂದೇ ದೂರದಲ್ಲಿ ಇಲ್ಲ. ಗೇಟ್ ತೆಗೆಯುವ ಸೆಕ್ಯುರಿಟಿಗೆ ಈ ಬಿಲ್ ಸಂಗತಿಯೇ ಗೊತ್ತಿಲ್ಲ. ಇವನಿಗೆ ಗೊತ್ತು, ಮತ್ತೆ ಸುಳ್ಳು ಹುಟ್ಟೋದು ಇವನ ಬೆರಳಲ್ಲೇ. ಹೆದರಿಕೆ ಇದ್ದರೆ ಹೊಣೆ ಕಡಿಮೆ ಆಗಬಹುದು, ಪೂರ್ತಿ ಹೋಗಲ್ಲ. ಅದಕ್ಕೇ ಹೇಳೋದು, ಈಗಿಂದಲೇ ಬೇರೆ ಕೆಲಸ ಹುಡುಕಲಿ. ಕೈಯಲ್ಲಿ ಇನ್ನೊಂದು ಆಫರ್ ಇದ್ದರೆ ಇಲ್ಲ ಅನ್ನೋಕೆ ಗಂಟಲು ಕಟ್ಟಲ್ಲ.

ನರ್ಸಕ್ಕ ಮಂಗಳೂರು:
ತಮ್ಮ, ನಿನಗಾಗಿ ಇವತ್ತು ಜಪಸರ ಮಾಡುತ್ತೇನೆ. ನನ್ನದು ಆಸ್ಪತ್ರೆ ಕೆಲಸ, ಲೆಕ್ಕಪತ್ರ ಗೊತ್ತಿಲ್ಲ. ಆದರೆ ಅವರು ಹೇಳಿದ 2409ರಲ್ಲೇ ಇನ್ನೊಂದು ಇದೆ, ಕೆಟ್ಟದಾಗಿ ಮಾಡಿದ ಕೆಲಸ. ವಂಚನೆಯ ಪಟ್ಟಿಯಲ್ಲೇ ಅದನ್ನೂ ಸೇರಿಸಿದ್ದಾರೆ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ವಾರ್ಡ್ ಪೂರ್ತಿ ಬಿಪಿ ನೋಡಬೇಕು. ಕಣ್ಣು ಎಳೆಯುತ್ತಿರುತ್ತದೆ, ರೋಗಿ ನಿದ್ದೆಯಲ್ಲಿ, ತೋಳಿಗೆ ಬಿಪಿ ಪಟ್ಟಿ ಸುತ್ತದೆ ಚಾರ್ಟ್‌ನಲ್ಲಿ 120/80 ಅಂತ ಬರೆದರೆ ಕೇಳುವವರಿಲ್ಲ. ಅಲ್ಲಿ ಪಟ್ಟಿ ಸುತ್ತಿ ನೋಡೋದೇ ನನ್ನ ವಿಶ್ವಾಸ ಅಂತ ನಾನು ನಂಬಿದ್ದೇನೆ. ಭಾನುವಾರ ಡ್ಯೂಟಿ ಬಿದ್ದರೆ ಶನಿವಾರ ಸಂಜೆಯ ಪೂಜೆಗೆ ಹೋಗುತ್ತೇನೆ, ಧರ್ಮಸಭೆಯ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ.

ಸಂತ ದೇವಸಹಾಯಂ ಅವರ ಪ್ರಾರ್ಥನೆ ಬೇಡಿಕೋ. ತಿರುವಾಂಕೂರಿನ ರಾಜ ಮಾರ್ತಾಂಡ ವರ್ಮರ ಅರಮನೆಯಲ್ಲಿ ಕೆಲಸಕ್ಕಿದ್ದವರು, ಮದುವೆಯಾದ ಸಂಸಾರಿ, ಗುರುಗಳಲ್ಲ. 1745ರಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು, ಕೀಳು ಅಂತ ದೂರ ಇಟ್ಟವರ ಜೊತೆ ಸಮನಾಗಿ ಬೆರೆತರು, ಕೆಲಸ ಕಳೆದುಕೊಂಡರು, ಸೆರೆ ಸೇರಿದರು, 1752ರಲ್ಲಿ ಗುಂಡೇಟಿಗೆ ಬಲಿಯಾದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ದೇಶದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಮೊದಲ ಸಂತ ಅವರೇ. ಆ ಕಾಂಟ್ರಾಕ್ಟ್ ಹುಡುಗರ ಜೊತೆ ಕೂತು ಊಟ ಮಾಡು. ಅವರ ಹೆಸರು, ಊರು ತಿಳಿದುಕೋ. ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡೋದು ಹೇಗೆ ಅಂತ ಹೇಳಿಕೊಡು, ಅವರ ದುಡ್ಡಿನ ಕಥೆ ಅವರಿಗೇ ಕಾಣಲಿ.

ಕನಕಪುರದ ಹುಡುಗ:
ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೋಮಣ್ಣ, ನನ್ನ ಪರವಾಗಿ ಮಾತಾಡಿದಿರಿ, ಅದೂ ಗೊತ್ತು. ಮೇಲ್ ಬರೆದಿಟ್ಟಿದ್ದೇನೆ, ನಾಳೆ ಬೆಳಿಗ್ಗೆ ಕಳಿಸುತ್ತೇನೆ. ಬಿಲ್ ಕಟ್ಟು ಡ್ರಾಯರ್‌ನಲ್ಲಿ ಇಡದೆ ಮಾಲೀಕರ ಮೇಜಿಗೇ ವಾಪಸ್ ಕೊಡುತ್ತೇನೆ. ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಕೆಲಸ ಹೋದರೆ ಊರಿಗೆ ಬಾ, ರೇಷ್ಮೆ ಹುಳುವಿಗೆ ಸೊಪ್ಪು ಹಾಕೋಕೆ ಆಳು ಬೇಕು ಅಂದರು. ಪೀಣ್ಯ, ರಾಜಾಜಿನಗರ ಕಡೆ ಅಕೌಂಟ್ಸ್ ಕೆಲಸ ಖಾಲಿ ಇದ್ದರೆ ಯಾರಾದರೂ ತಿಳಿಸಿ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎರಡೂ ಬರುತ್ತೆ.