ಪೇಟೆ ನಡುವಿನ 42 ಸೆಂಟ್ ಜಾಗದ ಮಾರಾಟ: ಕೊಳ್ಳುವವರಿಗೆ ಮೊದಲೇ ತಿಳಿದಿರಬೇಕಾದ ಸಂಗತಿಗಳು

ಸಂಚಾಲಕರು (ಮೇಲಿನ ಸಾಲಿನ ಮನೆಯವರು)

ಎಲ್ಲ ನಿವಾಸಿಗಳಿಗೆ ನಮಸ್ಕಾರ. ನಮ್ಮ ಬಡಾವಣೆಯ ತಿರುವಿನಲ್ಲಿರುವ ಹಳೆಯ ಹಂಚಿನ ಮನೆಯ ಗೇಟಿಗೆ ಕಳೆದ ಸೋಮವಾರ ಒಂದು ಫಲಕ ಕಟ್ಟಿದ್ದಾರೆ. ಮಡಿಕೇರಿ ಪೇಟೆಯ ನಡುವೆ 42 ಸೆಂಟ್ ಜಾಗ ಮಾರಾಟಕ್ಕಿದೆ, ಬಹುಮಹಡಿ ವಸತಿ ಕಟ್ಟಡಕ್ಕೆ ಅನುಮೋದನೆ ದೊರೆತಿದೆ ಎಂದು ಅದರಲ್ಲಿ ಬರೆದಿದೆ. ಜಾಗ ತೋರಿಸಲು ಬಂದಿದ್ದ ಮಧ್ಯವರ್ತಿಯನ್ನು ನಾನು ಮಾತನಾಡಿಸಿದೆ. ಅವರು ಮೊಬೈಲಿನಲ್ಲಿ ನಕ್ಷೆ ತೋರಿಸಿ, 24 ಫ್ಲ್ಯಾಟುಗಳಿಗೆ ಅವಕಾಶವಿದೆ, ಸೆಂಟಿನ ಬೆಲೆಯನ್ನು ಆ ಲೆಕ್ಕದ ಮೇಲೆಯೇ ಕೇಳುತ್ತಿದ್ದೇವೆ ಎಂದರು.

ಜಾಗದ ಮಾಲೀಕರು ಮಾರುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಅಲ್ಲಿ ಬೆಲೆ ಕಟ್ಟುತ್ತಿರುವುದು ಮಣ್ಣಿಗಲ್ಲ, ಇನ್ನೂ ಕಟ್ಟದ ಮಹಡಿಗಳಿಗೆ. ಒಮ್ಮೆ ಆ ಬೆಲೆ ಕೊಟ್ಟು ಕೊಂಡವರು ಒಂದು ಮಹಡಿಯನ್ನೂ ಕಡಿಮೆ ಮಾಡಲು ಒಪ್ಪುವುದಿಲ್ಲ, ಒಪ್ಪಿದರೆ ಅವರಿಗೆ ನಷ್ಟ. ಆದ್ದರಿಂದ ನಾವು ಮಾತನಾಡುವುದಾದರೆ ಕ್ರಯಪತ್ರ ನೋಂದಣಿಯಾಗುವ ಮೊದಲೇ ಮಾತನಾಡಬೇಕು.

ನಾನು ನೋಡಿದ ನಕ್ಷೆಯಲ್ಲಿ ಮೇಲಿನ ರಸ್ತೆಯ ಕಡೆಯಿಂದ ನಾಲ್ಕು ಅಂತಸ್ತು ಕಾಣುತ್ತದೆ. ಅದರ ಕೆಳಗೆ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ಇಳಿಜಾರನ್ನು, ಕಡಿದು ವಾಹನ ನಿಲುಗಡೆಗೆ ಎರಡು ಅಂತಸ್ತು ಇಳಿಸಿದ್ದಾರೆ. ಅಂದರೆ ಕೆಳಗಿನ ಸಾಲಿನವರ ಅಂಗಳದಿಂದ ತಲೆ ಎತ್ತಿದರೆ ಅದು ಆರು ಅಂತಸ್ತಿನ ಕಟ್ಟಡ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಎತ್ತರದ ಕಟ್ಟಡವೆಂದು ಪರಿಗಣಿಸಿ, ಬೆಂಕಿಯಿಂದ ರಕ್ಷಣೆಗೆ ಹೆಚ್ಚಿನ ಕಟ್ಟುಪಾಡುಗಳನ್ನು ಹೇಳಲಾಗಿದೆ. ಮೇಲಿನಿಂದ ಅಳೆದರೆ ಹದಿಮೂರು ಮೀಟರಿನ ಒಳಗೆ ನಿಲ್ಲುವ ಈ ಕಟ್ಟಡ ಕೆಳಗಿನಿಂದ ಅಳೆದರೆ ಹದಿನೆಂಟನ್ನು ಮುಟ್ಟುತ್ತದೆ. ಎತ್ತರವನ್ನು ಯಾವ ಮಟ್ಟದಿಂದ ಅಳೆದಿದ್ದಾರೆ ಎಂಬುದನ್ನು ನಾವು ಬರವಣಿಗೆಯಲ್ಲೇ ಕೇಳಬೇಕು. ಬಯಲುಸೀಮೆಯ ಊರಿನಲ್ಲಿ ಈ ಪ್ರಶ್ನೆ ಏಳುವುದೇ ಅಪರೂಪ, ನಮ್ಮಲ್ಲಿ ಎಲ್ಲವೂ ಇದರ ಮೇಲೆ ನಿಂತಿದೆ.

ನಿಮ್ಮ ನಿಮ್ಮ ಅನುಭವವನ್ನು ದಯವಿಟ್ಟು ಇಲ್ಲಿಯೇ ಬರೆಯಿರಿ. ಭಾನುವಾರದ ಸಭೆಗೆ ಮೊದಲು ಎಲ್ಲವೂ ಒಂದು ಕಡೆ ಸೇರಲಿ.

ಕೆಳಗಿನ ಸಾಲು, ಎರಡನೇ ಮನೆ

ಸರ್, ಆ ಜಾಗದ ತಡೆಗೋಡೆ ಇರುವುದು ನಮ್ಮ ಅಡುಗೆಮನೆಯ ಹಿಂದೆ. ಗೋಡೆಗೂ ನಮ್ಮ ಬಚ್ಚಲಿನ ಕಿಟಕಿಗೂ ನಡುವೆ ಒಬ್ಬರು ಅಡ್ಡಲಾಗಿ ನಡೆಯುವಷ್ಟು ಮಾತ್ರ ಜಾಗವಿದೆ. ಕಾಡುಕಲ್ಲಿನಿಂದ ಕಟ್ಟಿದ ಹಳೆಯ ಗೋಡೆ ಅದು. ನೀರು ಹೊರಬರಲು ಇಟ್ಟಿರುವ ಏಳು ಕೊಳವೆಗಳಲ್ಲಿ ಮೂರು ಮಾತ್ರ ಈಗ ಕೆಲಸ ಮಾಡುತ್ತಿವೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಆ ಮೂರರಿಂದಲೂ ಹೆಬ್ಬೆರಳಿನಷ್ಟು ದಪ್ಪ ನೀರು ಬರುತ್ತದೆ, ಮಳೆ ಬಿಟ್ಟು ಹದಿನೈದು ದಿನ ಕಳೆದರೂ ನಿಲ್ಲುವುದಿಲ್ಲ. ಮೇಲೆ ಎಲ್ಲೋ ಒರತೆ ಇದೆ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು.

ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್‌ನ ಆ ವಾರ ನಾವು ಮನೆಯಲ್ಲಿ ಮಲಗಲಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಸುದ್ದಿಗಳು ಒಂದರ ಹಿಂದೆ ಒಂದು ಬರುತ್ತಿದ್ದವು, ಪೇಟೆಯಲ್ಲೇ ಚಾಮುಂಡೇಶ್ವರಿ ನಗರ, ಇಂದಿರಾನಗರದ ಕಡೆ ಮನೆಗಳು ಜಾರುತ್ತಿದ್ದವು. ಮಳೆ ಇಳಿದ ಮೇಲೆ ಬಂದು ನೋಡಿದಾಗ ನಮ್ಮ ಹಿಂಬದಿಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು. ಪರಿಚಯದ ಮೇಸ್ತ್ರಿಯೊಬ್ಬರು ಬಿರುಕಿನ ಮೇಲೆ ಗಾಜಿನ ತೆಳು ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿ, ಹಸಿ ಸಿಮೆಂಟಿನಲ್ಲೇ ಮೊಳೆಯಿಂದ ದಿನಾಂಕ ಗೀರಿದರು. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದು ಅರ್ಥ, ಅಕ್ಕ, ಎಂದರು. ಮರುವರ್ಷದ ಮಳೆಗಾಲದಲ್ಲಿ ಅದು ನಡುವೆ ಸೀಳಿತು. ಎರಡನೆಯ ಪಟ್ಟಿ ಇದುವರೆಗೆ ಒಡೆದಿಲ್ಲ. ಈಗ ಎರಡು ಅಂತಸ್ತು ಆಳಕ್ಕೆ ಬರೆ ಕಡಿಯುತ್ತಾರೆ ಎಂದು ಓದಿದಾಗಿನಿಂದ ನಾನು ದಿನಕ್ಕೆ ಎರಡು ಬಾರಿ ಹೋಗಿ ಆ ಗಾಜನ್ನು ನೋಡಿಕೊಂಡು ಬರುತ್ತಿದ್ದೇನೆ.

ವಕೀಲರು (ಮೂರನೇ ಅಡ್ಡರಸ್ತೆ)

ಮೇಡಂ ಅವರು ಎರಡೂ ಗಾಜಿನ ಪಟ್ಟಿಗಳ ಫೋಟೊವನ್ನು ದಿನಾಂಕ ಕಾಣುವಂತೆ ಇಂದೇ ತೆಗೆದಿಡಲಿ. ಕೆಲಸ ಶುರುವಾದ ನಂತರ ತೆಗೆದ ಫೋಟೊಗಿಂತ ಮೊದಲೇ ತೆಗೆದ ಫೋಟೊಗೆ ಬೆಲೆ ಹೆಚ್ಚು.

ಅನುಮೋದನೆ ಎಂಬ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಕಾಗದಗಳನ್ನು ಸೇರಿಸಿ ಹೇಳುವ ರೂಢಿ ನಮ್ಮಲ್ಲಿದೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಆಗುವ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಸಿಗುವ ಆದೇಶ, ಒಂದು. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಡಿ ಯೋಜನಾ ಪ್ರಾಧಿಕಾರ ಕೊಡುವ ಅನುಮತಿ ಇನ್ನೊಂದು. ಪುರಸಭೆಗಳ ಕಾಯ್ದೆಯಡಿ ನಗರಸಭೆ ಕೊಡುವ ಕಟ್ಟಡ ಪರವಾನಗಿ ಮೂರನೆಯದು. ಪರಿವರ್ತನೆಯ ಆದೇಶ ಕೈಯಲ್ಲಿದ್ದ ಮಾತ್ರಕ್ಕೆ ಇಷ್ಟು ಮಹಡಿ ಕಟ್ಟಬಹುದು ಎಂದಾಗುವುದಿಲ್ಲ. ಕಟ್ಟಡ ಪರವಾನಗಿಯೇ ಇದೆ ಎಂದಾದರೆ ಅದು ಯಾರ ಹೆಸರಿನಲ್ಲಿದೆ, ಯಾವ ದಿನಾಂಕದ್ದು, ಯಾವ ಷರತ್ತುಗಳಿವೆ, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ನೋಡಬೇಕು. ಕೊಳ್ಳುವವರೂ ಇದನ್ನು ನೋಡದೆ ಮುಂಗಡ ಕೊಟ್ಟರೆ ತಪ್ಪು ಅವರದ್ದೇ.

ಫ್ಲ್ಯಾಟು, ನಿವೇಶನ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ ಬಗ್ಗೆ ಕೆಲವರು ನನ್ನನ್ನು ಕೇಳಿದ್ದಾರೆ. ಇಡೀ ಜಾಗವನ್ನು ಒಬ್ಬರಿಗೆ ಮಾರುವುದಕ್ಕೆ ಆ ನೋಂದಣಿ ಬೇಕಿಲ್ಲ, ಆದ್ದರಿಂದ ಫಲಕದ ಮೇಲೆ ರೇರಾ ಸಂಖ್ಯೆ ಇಲ್ಲ ಎಂದು ದೂರು ಕೊಟ್ಟು ಪ್ರಯೋಜನವಿಲ್ಲ. ಆದರೆ ಜಾಗ 500 ಚದರ ಮೀಟರ್ ಮೀರಿದ್ದರೆ, ಅಂದರೆ ಸುಮಾರು ಹನ್ನೆರಡೂವರೆ ಸೆಂಟಿಗಿಂತ ಹೆಚ್ಚಿದ್ದು ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳಿದ್ದರೆ, ನೋಂದಣಿಗೆ ಮೊದಲು ಒಂದು ಫ್ಲ್ಯಾಟಿಗೂ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ. ನಮ್ಮ ಗುಂಪಿನ ಯಾರಿಗಾದರೂ ಅಂತಹ ಕರೆ ಬಂದರೆ ತಿಳಿಸಿ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. 2006ರ ಪರಿಸರ ಅಧಿಸೂಚನೆಯಂತೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ನಿರ್ಮಿತ ವಿಸ್ತೀರ್ಣವಿರುವ ಕಟ್ಟಡಗಳಿಗೆ. ನಮ್ಮ ಬರೆಯ ಮೇಲಿನ ಕಟ್ಟಡ ಅದರ ಹತ್ತಿರಕ್ಕೂ ಬರುವುದಿಲ್ಲ. ಬಯಲಿನ ದೊಡ್ಡ ಸಂಕೀರ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಗೆರೆ ಅದು. ಹೀಗಾಗಿ ಈ ಇಳಿಜಾರು ತಡೆಯುತ್ತದೆಯೇ ಎಂದು ಆ ದಾರಿಯಲ್ಲಿ ಯಾರೂ ಕೇಳುವುದಿಲ್ಲ. ನಾವು ಕೇಳಿದರೆ ಮಾತ್ರ ಉತ್ತರ ಬರುತ್ತದೆ.

ಕೇಳುವ ಹಕ್ಕು ನಮಗಿದೆ. ಅಕ್ಕಪಕ್ಕದ ಜಮೀನುಗಳ ನಡುವಿನ ಹಕ್ಕುಗಳನ್ನು ಹೇಳುವ 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ, ತನ್ನ ಜಮೀನಿಗೆ ಪಕ್ಕದ ಜಮೀನಿನ ಮಣ್ಣಿನಿಂದ ಸಹಜವಾಗಿ ಸಿಗುವ ಆಸರೆ ಪ್ರತಿಯೊಬ್ಬ ಒಡೆಯನ ಹಕ್ಕು ಎಂಬುದೂ ಸೇರಿದೆ. ಕಟ್ಟಡಕ್ಕೆ ಅಂತಹ ಆಸರೆಯನ್ನು ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಪಡೆದಿದ್ದರೆ 15ನೇ ಕಲಮಿನಂತೆ ಅದೂ ಹಕ್ಕಾಗುತ್ತದೆ. ಕೆಳಗಿನ ಸಾಲಿನ ಮನೆಗಳೂ, ಪಕ್ಕದ ಎರಡು ಮನೆಗಳೂ ಇಪ್ಪತ್ತು ವರ್ಷ ದಾಟಿವೆ. ಮನೆ ತೆರಿಗೆಯ ಹಳೆಯ ರಸೀದಿಗಳನ್ನು ಹುಡುಕಿಡಿ.

ಮೇಲಿನ ಸಾಲು, ಕೊನೆಯ ಮನೆ

ನಾನು ಈ ರಸ್ತೆಗೆ ಬಂದು ನಲವತ್ತು ವರ್ಷ ಕಳೆದಿದೆ. ಆ ಹಂಚಿನ ಮನೆಯ ಯಜಮಾನರನ್ನು ಅವರ ಕೊನೆಯ ದಿನದವರೆಗೆ ಬಲ್ಲೆ. ಈಗ ಅಲ್ಲಿರುವುದು ಅವರ ಹೆಂಡತಿ ಒಬ್ಬರೇ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ಪ್ರತಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸಲು ಆಳು ಸಿಗದೆ ಆ ತಾಯಿ ಪಡುವ ಪಾಡನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಆ ಜಾಗ ಜಮ್ಮಾ ಆಸ್ತಿಯಲ್ಲ (ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಜಮೀನು), ಕ್ರಯಕ್ಕೆ ಪಡೆದದ್ದು. ಹಾಗಾಗಿ ಕುಟುಂಬದ ಬೇರೆ ಶಾಖೆಯವರ ಒಪ್ಪಿಗೆಯ ಪ್ರಶ್ನೆಯೂ ಇಲ್ಲ. ಅವರು ಮಾರಬಾರದು ಎನ್ನುವ ಬಾಯಿ ನಮಗಿಲ್ಲ.

ನನ್ನ ವಿನಂತಿ ಇಷ್ಟೆ. ವಕೀಲರ ನೋಟಿಸು ಮೊದಲು ಹೋಗಬಾರದು, ನಾವು ಮೊದಲು ಹೋಗಬೇಕು. ನೋಟಿಸು ತಲುಪಿದ ಮೇಲೆ ಅವರ ಮಕ್ಕಳು ನಮ್ಮೊಡನೆ ಮಾತನಾಡುವುದಿಲ್ಲ, ಅವರ ಕಡೆಯ ವಕೀಲರು ಮಾತನಾಡುತ್ತಾರೆ. ನಾನು ಮತ್ತು ನನ್ನ ಮನೆಯವರು ಹೋಗಿ ಬರುತ್ತೇವೆ.

ವಕೀಲರು

ಹಿರಿಯರ ಮಾತಿಗೆ ನನ್ನ ಒಪ್ಪಿಗೆಯಿದೆ. ಒಂದು ಕೇವಿಯಟ್ ಮಾತ್ರ ಸಿದ್ಧವಾಗಿಟ್ಟುಕೊಳ್ಳೋಣ. ಅದು ಮೊಕದ್ದಮೆಯಲ್ಲ. ಮುಂದೆ ಯಾರಾದರೂ ನಮ್ಮ ವಿರುದ್ಧ ತಡೆಯಾಜ್ಞೆ ಕೇಳಿದರೆ ನಮ್ಮ ಮಾತನ್ನೂ ಕೇಳಿ ಎಂದು ನ್ಯಾಯಾಲಯಕ್ಕೆ ಮಾಡುವ ಮನವಿ. 90 ದಿನ ಜಾರಿಯಲ್ಲಿರುತ್ತದೆ.

ನೀರು ಸರಬರಾಜು ನೋಡಿಕೊಳ್ಳುವ ಸದಸ್ಯರು

ಲೆಕ್ಕ ಹಾಕಿದ್ದೇನೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಸಾಮಾನ್ಯ ಅಳತೆಯಲ್ಲಿ, ಮನೆಗೆ ಐವರಂತೆ 24 ಮನೆಗಳಿಗೆ ದಿನಕ್ಕೆ 16,200 ಲೀಟರ್ ಬೇಕು. ಏಪ್ರಿಲ್‌ನಲ್ಲಿ ಪೇಟೆಗೆ ನೀರು ಕೊಡುವ ಕೂಟುಹೊಳೆಯ ನೀರು ಇಳಿದಾಗ ನಮ್ಮ ರಸ್ತೆಯ ಮೇಲ್ತುದಿಗೆ ನಲ್ಲಿ ಬರುವುದೇ ದಿನ ಬಿಟ್ಟು ದಿನ.

ಆದರೆ ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವ ನೀರು ನನಗೆ ದೊಡ್ಡ ಚಿಂತೆ. ಬಳಸಿದ ನೀರಿನಲ್ಲಿ ಶೇಕಡಾ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೂ ದಿನಕ್ಕೆ ಸುಮಾರು 13,000 ಲೀಟರ್. ನಮ್ಮ ರಸ್ತೆಯಲ್ಲಿ ಎಲ್ಲರದ್ದೂ ಇಂಗುಗುಂಡಿ. ಅಷ್ಟು ನೀರನ್ನು ಪ್ರತಿದಿನ ಅದೇ ಬರೆಯ ನೆತ್ತಿಯಲ್ಲಿ ಇಂಗಿಸಿದರೆ ಮೇಡಂ ಅವರ ಮನೆಯ ಹಿಂದಿನ ಗೋಡೆಗೆ ಬೇಸಿಗೆಯಲ್ಲೂ ಮಳೆಗಾಲವೇ.

ಮಳೆ ನೀರಿನದ್ದೂ ಇದೆ. ಈಗ ಆ ಜಾಗದ ಮುಕ್ಕಾಲು ಪಾಲು ಮಣ್ಣು, ಕಿತ್ತಳೆ, ನಾಲ್ಕು ಹಲಸಿನ ಮರ. ಪೂರ್ತಿ ಕಾಂಕ್ರೀಟ್ ಆದರೆ 42 ಸೆಂಟಿನ ಮೇಲೆ ಒಂದು ಇಂಚು ಮಳೆಗೆ ಸುಮಾರು 43,000 ಲೀಟರ್ ಹರಿಯುತ್ತದೆ. ಎಂಟು ಇಂಚು ಹೊಡೆಯುವ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಚರಂಡಿಯ ಅಗಲ ಒಂದೂವರೆ ಅಡಿ.

ಸಂಚಾಲಕರು

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಇಬ್ಬರು ವಿದ್ಯಾರ್ಥಿಗಳ ಜೊತೆ ಟೇಪು ಹಿಡಿದು ರಸ್ತೆ ಅಳೆದೆ. ತಿರುವಿನಲ್ಲಿ, ವಿದ್ಯುತ್ ಕಂಬದ ಬುಡದಿಂದ ಎದುರಿನ ಕಲ್ಲುಕಟ್ಟೆಯವರೆಗೆ, 5.4 ಮೀಟರ್ ಇದೆ. ಅಗ್ನಿಶಾಮಕ ವಾಹನ ಅಲ್ಲಿ ತಿರುಗುವುದೇ ಎಂಬ ಪ್ರಶ್ನೆಯನ್ನೂ ನಾವೆಲ್ಲ ಸಹಿ ಹಾಕಲಿರುವ ಪತ್ರದಲ್ಲಿ ಸೇರಿಸಿದ್ದೇನೆ.

2018ರ ನಂತರ ನಡೆದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅಧ್ಯಯನವು ಅತಿಯಾದ ಮಳೆಯ ಜೊತೆಗೆ ರಸ್ತೆಗಾಗಿ, ಕಟ್ಟಡಕ್ಕಾಗಿ ಇಳಿಜಾರುಗಳನ್ನು ಕಡಿದದ್ದನ್ನೂ ಕುಸಿತಕ್ಕೆ ಕಾರಣವೆಂದು ಹೇಳಿತ್ತು. ಆ ವರ್ಷ ಬರೆ ಜಾರಿದಲ್ಲೆಲ್ಲ ನೀರಿಗೆ ಹೊರಹೋಗಲು ದಾರಿ ಇರಲಿಲ್ಲ ಎಂಬುದನ್ನು ನಾವೇ ನೋಡಿದೆವು. ಮೇಲಿನ ಸಡಿಲ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕೆಳಗಿನ ಗಟ್ಟಿ ಪದರ ಆ ನೀರನ್ನು ಒಳಗೆ ಬಿಡುವುದಿಲ್ಲ, ಎರಡರ ನಡುವೆ ಜಾರುವ ಜಾಗ ಸಿದ್ಧವಾಗುತ್ತದೆ. ಇದರ ಬುಡವನ್ನು ಕಡಿದರೆ ಮೇಲಿನದ್ದು ನಿಲ್ಲುವುದು ತಡೆಗೋಡೆಯ ಬಲದ ಮೇಲೆ ಮಾತ್ರ. ಆದ್ದರಿಂದ ನಾವು ಕೇಳುವ ಮೊದಲ ಸಂಗತಿ ಮಣ್ಣು ಪರೀಕ್ಷೆ. ಬೋರ್ ಕೊರೆದು ಗಟ್ಟಿ ಬಂಡೆ ಎಷ್ಟು ಆಳದಲ್ಲಿದೆ, ಮಳೆಗಾಲದಲ್ಲಿ ನೀರಿನ ಮಟ್ಟ ಎಲ್ಲಿಗೆ ಏರುತ್ತದೆ ಎಂಬುದನ್ನು ತಿಳಿಯಬೇಕು. ಫೆಬ್ರವರಿಯಲ್ಲಿ ಮಾಡಿದ ಪರೀಕ್ಷೆಯ ವರದಿಯನ್ನು ತೋರಿಸಿದರೆ ನಾನಂತೂ ಒಪ್ಪುವುದಿಲ್ಲ. ಕಟ್ಟಡದ ಕೆಲಸಕ್ಕೆ ಮೊದಲು ತಡೆಗೋಡೆ ಪೂರ್ಣವಾಗಬೇಕು, ಬರೆ ಕಡಿಯುವ ಕೆಲಸ ಜೂನ್‌ನಿಂದ ಅಕ್ಟೋಬರ್‌ವರೆಗೆ ನಿಲ್ಲಬೇಕು ಎಂಬುದು ಎರಡನೆಯದು.

ನಗರಸಭೆಗೆ ಮತ್ತು ಯೋಜನಾ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನ ಅರ್ಜಿಗಳನ್ನು ಬರೆದಿದ್ದೇನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಹಾಗಾಗಿ ಪರವಾನಗಿಯ ಪ್ರತಿ, ಎತ್ತರದ ಲೆಕ್ಕ, ಕೊಳಚೆ ನೀರಿನ ವ್ಯವಸ್ಥೆ ಇವುಗಳಿಗೆ ಬೇರೆ ಬೇರೆ ಅರ್ಜಿ, ತಲಾ ಹತ್ತು ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನದ ಅವಧಿಯಿದೆ. ಅಷ್ಟರಲ್ಲಿ ಮಾರಾಟ ಮುಗಿದುಹೋಗಬಹುದು ಎಂಬ ಕಾರಣಕ್ಕೇ ಹಿರಿಯರ ಭೇಟಿ ಮುಖ್ಯ.

ಮೇಲಿನ ಸಾಲು, ಕೊನೆಯ ಮನೆ

ಹೋಗಿ ಬಂದೆವು. ಕಾಫಿ ಕೊಟ್ಟರು, ಒಂದು ಗಂಟೆ ಮಾತನಾಡಿದೆವು. ಹಿಂಬದಿಯ ಗೋಡೆಯ ನೀರಿನ ವಿಷಯ ಹೇಳಿದಾಗ ಆ ತಾಯಿ ಎದ್ದು ಕರೆದುಕೊಂಡು ಹೋಗಿ, ಹಲಸಿನ ಮರದ ಬುಡದಲ್ಲಿ ಹಳೆಯ ಬಾವಿಯೊಂದನ್ನು ಕಲ್ಲುಚಪ್ಪಡಿ ಹಾಸಿ ಮುಚ್ಚಿರುವುದನ್ನು ತೋರಿಸಿದರು. ಒರತೆ ಇರುವುದು ಅಲ್ಲಿಯೇ. ಮಧ್ಯವರ್ತಿಗೆ ಇದು ಗೊತ್ತಿಲ್ಲವಂತೆ, ಯಾರೂ ಕೇಳಲಿಲ್ಲ ಎಂದರು. ದೊಡ್ಡ ಮಗ ಫೋನಿನಲ್ಲಿ ಮೊದಲು ಬಿಗಿಯಾಗಿಯೇ ಮಾತನಾಡಿದರು. ಕೊನೆಗೆ, ಮುಂಗಡ ಇನ್ನೂ ತೆಗೆದುಕೊಂಡಿಲ್ಲ, ಪರವಾನಗಿಯ ಪ್ರತಿಯನ್ನು ಕಳುಹಿಸುತ್ತೇನೆ, ನಿಮ್ಮ ಪತ್ರವನ್ನು ಕೊಳ್ಳಲು ಬರುವವರಿಗೂ ತೋರಿಸುತ್ತೇನೆ ಎಂದರು. ಬೆಲೆ ಇಳಿದರೆ ನಷ್ಟ ನಮ್ಮದಲ್ಲವೇ ಎಂದೂ ಕೇಳಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸಂಚಾಲಕರು

ಬಾವಿಯ ಸಂಗತಿಯನ್ನು ಪತ್ರದ ಮೊದಲ ಸಾಲಿಗೆ ತಂದಿದ್ದೇನೆ. ಮಗನಿಗೆ ನಾನೇ ಕರೆ ಮಾಡುತ್ತೇನೆ. ಕಡಿಮೆ ಎತ್ತರದ, ಬರೆ ಕಡಿಯದ ಮನೆಗಳಿಗೆ ಆ ಜಾಗವನ್ನು ಭಾಗ ಮಾಡಿ ಮಾರಿದರೆ ಎಷ್ಟು ಬರಬಹುದು ಎಂದು ಲೆಕ್ಕ ಹಾಕಿಸೋಣ, ಆ ಲೆಕ್ಕದ ಖರ್ಚನ್ನು ಗುಂಪಿನಿಂದ ಕೊಡೋಣ ಎಂದು ಸಭೆಯ ಮುಂದಿಡುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕೆಳಗಿನ ಸಾಲಿನ ಎರಡನೇ ಮನೆಯ ಅಂಗಳದಲ್ಲಿ ಸೇರೋಣ. ಎಲ್ಲರೂ ಆ ಗೋಡೆಯನ್ನು ಒಮ್ಮೆ ಹತ್ತಿರದಿಂದ ನೋಡಿದ ಮೇಲೆ ಪತ್ರಕ್ಕೆ ಸಹಿ ಹಾಕಲಿ. ಮನೆಯ ಬಿರುಕುಗಳ ಫೋಟೊ, ತೆರಿಗೆ ರಸೀದಿ ಜೊತೆಯಲ್ಲಿರಲಿ.