ಜವುಗು ಗದ್ದೆಯಲ್ಲಿ ಟ್ರಾಕ್ಟರ್ ಚಕ್ರ ನಿಂತಲ್ಲೇ ಸುತ್ತುತ್ತದೆ: ಹಾಫ್ ಕೇಜ್ ವೀಲ್ ಸಾಕಾ, ಫುಲ್ ಬೇಕಾ?

ನರಸಾಪುರ ರಾಗಿಮುದ್ದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲ್ಲೂಕು, ಕೆರೆ ಏರಿ ಕೆಳಗೆ ಎರಡು ಎಕರೆ ಜಮೀನು. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುವ ಮುಂಚೆ ಕೆರೆ ಒಣಗಿ ಬಿದ್ದಿತ್ತು, ರಾಗಿ ಬಿಟ್ಟರೆ ಬೇರೆ ಮಾತಿರಲಿಲ್ಲ. ಈಗಲೂ ಕೆರೆಯಿಂದ ನೇರವಾಗಿ ನೀರು ಎತ್ತುವಂತಿಲ್ಲ. ಆದರೆ ಬೋರ್‌ವೆಲ್‌ನಲ್ಲಿ ನೀರು ಮೇಲೆ ಬಂದಿದೆ, ಏರಿ ಕೆಳಗೆಲ್ಲ ಜವುಗು. ರಾಗಿ ಕೊಳೆಯುತ್ತದೆ, ಭತ್ತ ನಾಟಿ ಮಾಡೋಣ ಅಂತ ಅಪ್ಪ ಹಟ ಹಿಡಿದಿದ್ದಾರೆ.

ಟ್ರಾಕ್ಟರ್ 45 ಎಚ್‌ಪಿ, ಟೂ ವೀಲ್ ಡ್ರೈವ್. ಹಿಂದಿನ ಟೈರ್ 13.6-28, ಬಟನ್ (ಟೈರ್ ಮೇಲಿನ ಉಬ್ಬು ಪಟ್ಟಿ) ಸವೆದಿಲ್ಲ. ಮಣ್ಣು ಕಡಿದು ಪುಡಿ ಮಾಡುವ ರೋಟವೇಟರ್ ಹಾಕಿಕೊಂಡು ಇಳಿದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಚಕ್ರ ನಿಂತಲ್ಲೇ ಸುತ್ತಿ ಗುಂಡಿ ತೋಡುತ್ತದೆ. ವರ್ಕ್‌ಶಾಪಿನವರು ಕೆಸರಿಗೆ ಹಾಕುವ ಕಬ್ಬಿಣದ ಪಟ್ಟಿಗಳ ಚಕ್ರ, ಅಂದರೆ ಕೇಜ್ ವೀಲ್, ಅದರಲ್ಲೂ ಫುಲ್ಲೇ ತಗೊಳ್ಳಿ ಅಂತಾರೆ. ಹಾಫ್ ಸಾಕಾಗುವುದಿಲ್ವಾ? ಇನ್ನೊಂದು: ಸಿಕ್ಕಿಕೊಂಡಾಗ ಹಿಂದಿನ ಚಕ್ರಕ್ಕೆ ಮರದ ದಿಮ್ಮಿ ಕಟ್ಟಿದರೆ ಮೇಲೆ ಬರುತ್ತದೆ ಅಂತಾನೆ ನಮ್ಮ ಡ್ರೈವರ್. ಹೌದಾ?

ಶಿಡ್ಲಘಟ್ಟ ರೇಷ್ಮೆ

ಕೇಜ್ ವೀಲ್‌ಗೆ ಯಾಕೆ ದುಡ್ಡು ಸುರಿಯುತ್ತೀರಿ ಅಣ್ಣ? ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಿ. ನಾವು ಉಳುಮೆಗೆ ಹಾಗೇ ಮಾಡುವುದು. ಚಕ್ರ ಜಾರುವುದಿಲ್ಲ.

ಗುಬ್ಬಿ ಸ್ಪ್ಯಾನರ್

ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ದಿಮ್ಮಿ ಕಟ್ಟಲೇಬೇಡಿ. ಚಕ್ರಕ್ಕೆ ತಿರುಗುವುದಕ್ಕೆ ಜಾಗ ಇಲ್ಲದಿದ್ದರೆ ಎಂಜಿನ್ ಸುಮ್ನೆ ಇರುವುದಿಲ್ಲ, ಆಕ್ಸೆಲ್ ಸುತ್ತ ಟ್ರಾಕ್ಟರನ್ನೇ ಎತ್ತುತ್ತದೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು, ಕ್ಲಚ್ ತುಳಿಯುವ ಮೊದಲೇ ಮುಗಿದಿರುತ್ತದೆ. ಸಿಕ್ಕಿಕೊಂಡರೆ ರೋಟವೇಟರ್ ಬಿಚ್ಚಿ, ಚಕ್ರದ ಹಿಂದಿನ ಮಣ್ಣು ತೆಗೆದು, ರಿವರ್ಸ್‌ನಲ್ಲಿ ನಿಧಾನಕ್ಕೆ ಬನ್ನಿ. ಆಗದಿದ್ದರೆ ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಟ್ರಾಕ್ಟರ್‌ನಿಂದ ಎಳೆಸಿ. ಎಳೆಯುವ ಗಾಡಿಯಲ್ಲಿ ಸರಪಳಿ ಕೆಳಗಿನ ಡ್ರಾಬಾರ್‌ಗೇ ಕಟ್ಟಬೇಕು. ಮೇಲೆ, ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದರೆ ಅದೂ ಮಗುಚುತ್ತದೆ. ಡ್ರೈವರ್‌ಗೆ ಇದನ್ನು ಓದಿ ಹೇಳಿ.

ರೇಷ್ಮೆಯವರೇ, ಒಣ ಉಳುಮೆಗೆ ನೀವು ಹೇಳಿದ್ದು ಸರಿ. ಕೆಸರಿಗೆ ಅದೇ ತಿರುಗುಬಾಣ. 13.6-28 ಟೈರಿಗೆ ಮುಕ್ಕಾಲು ತುಂಬಿಸಿದರೆ ಒಂದೊಂದಕ್ಕೆ ಸುಮಾರು 190 ಲೀಟರ್ ನೀರು. ಎರಡೂ ಸೇರಿ ಮುನ್ನೂರೆಂಬತ್ತು ಕೆಜಿ ಹತ್ತಿರ. ಅಷ್ಟು ಭಾರ ಹೊತ್ತು ಜವುಗಿಗೆ ಇಳಿದರೆ ಮುಳುಗುವುದು ಜಾಸ್ತಿಯಾಗುತ್ತದೆ, ಅಲ್ವಾ?

ಈಗ ನಿಮ್ಮ ರೋಗ. ರೋಟವೇಟರ್ ಬ್ಲೇಡ್ ತಿರುಗುವುದು ಚಕ್ರ ತಿರುಗುವ ದಿಕ್ಕಿಗೇ. ಅಂದರೆ ಅದು ಟ್ರಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ, ಕಲ್ಟಿವೇಟರ್ ಥರ ಹಿಡಿದು ಎಳೆಯುವುದಿಲ್ಲ. ಹಿಂದಿನಿಂದ ತಳ್ಳಿದರೂ ಚಕ್ರ ಸುತ್ತುತ್ತದೆ ಅಂದರೆ ಹಿಡಿತ ಕಮ್ಮಿ ಅನ್ನುವುದು ಆಮೇಲಿನ ಮಾತು, ಗಾಡಿ ಮುಳುಗುತ್ತಿದೆ. ಹಾಗಾಗಿ ಚಕ್ರ ನೋಡುವ ಮೊದಲು ನೆಲದ ತಳ ನೋಡಿ. ಒಂದು ಹಾರೆ ತಗೊಂಡು ಗದ್ದೆ ತುಂಬ ಅಲ್ಲಲ್ಲಿ ಕೈಯಲ್ಲೇ ಒತ್ತಿ. ಎಷ್ಟು ಆಳಕ್ಕೆ 'ಟಕ್' ಅಂತ ಗಟ್ಟಿ ಸಿಗುತ್ತದೆ? ಹಾಗೆಯೇ ಟ್ರಾಕ್ಟರ್ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ, ಅಳತೆ ಪಟ್ಟಿ ಹಿಡಿಯಿರಿ. ಎರಡೂ ಬರೆಯಿರಿ, ಆಮೇಲೆ ಹಾಫೋ ಫುಲ್ಲೋ ನೋಡೋಣ.

ನರಸಾಪುರ ರಾಗಿಮುದ್ದೆ

ದಿಮ್ಮಿ ವಿಷಯ ಹೇಳಿದೆ ಸಾರ್. ಡ್ರೈವರ್ ಮುಖ ಸಣ್ಣದಾಯಿತು, ಆದರೆ ಒಪ್ಪಿಕೊಂಡ.

ಹಾರೆ ಹಾಕಿ ನೋಡಿದೆ. ಮೇಲಿನ ಮಡಿಗಳಲ್ಲಿ ಒಂದು ಗೇಣಿಗೆಲ್ಲ ಗಟ್ಟಿ ಕೆಂಪು ಮಣ್ಣು ಸಿಗುತ್ತದೆ. ತೂಬಿನ ಪಕ್ಕದ ಮೂಲೆಯಲ್ಲಿ ಮಾತ್ರ ಎರಡು ಮೊಳ ಇಳಿದರೂ ತಳ ಇಲ್ಲ. ಅಲ್ಲಿ ಕಪ್ಪು ಗೋಡು, ಹಾರೆ ವಾಪಸ್ ಕೀಳುವುದೇ ಕಷ್ಟ. ಟ್ರಾಕ್ಟರ್ ಹೊಟ್ಟೆ ನೆಲದಿಂದ 38 ಸೆಂ.ಮೀ. ಮೇಲಿದೆ.

ಗುಬ್ಬಿ ಸ್ಪ್ಯಾನರ್

ಮೇಲಿನ ಮಡಿಗಳಲ್ಲಿ ಗೇಣಿಗೇ ತಳ ಸಿಗುತ್ತದೆ, ಹೊಟ್ಟೆ ಅದಕ್ಕಿಂತ ಮೇಲಿದೆ. ಹಾಗಾದರೆ ಹಾಫ್ ಸಾಕು. ಆ ಮೂಲೆಗೆ ಹಾಫೂ ಇಲ್ಲ ಫುಲ್ಲೂ ಇಲ್ಲ, ಟ್ರಾಕ್ಟರೇ ಇಳಿಸಬೇಡಿ. ತಳ ಸಿಗದ ಕಡೆ ಹೊಟ್ಟೆ ಕೂತರೆ ಯಾವ ಕೇಜೂ ಎತ್ತುವುದಿಲ್ಲ. ಅಷ್ಟು ಜಾಗ ಪವರ್ ಟಿಲ್ಲರ್‌ಗೋ ಎತ್ತಿಗೋ ಬಿಡಿ, ಇಲ್ಲದಿದ್ದರೆ ಬಸಿಗಾಲುವೆ ತೋಡಿ ನೀರು ಇಳಿಸಿ.

ಫುಲ್ ಕೇಜ್ ಅಂದರೆ ಟೈರ್ ಬಿಚ್ಚಿ ಆ ಜಾಗಕ್ಕೆ ಕಬ್ಬಿಣದ ಚಕ್ರ ಹಾಕುವುದು. ದಿನವಿಡೀ ಕೆಸರಿನಲ್ಲೇ ಇರುವ ಗಾಡಿಗೆ ಅದು ಸರಿ. ನಿಮಗೆ ಎರಡೆಕರೆ, ಮಧ್ಯೆ ಟ್ರೇಲರ್ ಕೆಲಸ ಬೇರೆ. ಪ್ರತಿ ಸಲ ಟೈರ್ ಬಿಚ್ಚಿ ಹಾಕುತ್ತಾ ಕೂರುತ್ತೀರಾ? ಫುಲ್ ಕೇಜ್‌ನಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತು ಬರುತ್ತದೆ, ದಂಡವೂ ಬೀಳುತ್ತದೆ. ಹಾಫ್ ಆದರೆ ಟೈರ್ ಹೊರಗಡೆ ರಿಮ್ಮಿಗೆ ಕೂರುತ್ತದೆ. ಅದನ್ನೂ ಟ್ರೇಲರ್‌ನಲ್ಲಿ ಹಾಕಿಕೊಂಡು ಹೋಗಿ ಗದ್ದೆ ಬದುವಿನ ಹತ್ತಿರ ಕೂರಿಸಿ.

ಕೊಳ್ಳುವಾಗ ಟೈಲರ್ ಥರ ಟೇಪ್ ಹಿಡಿದೇ ಹೋಗಿ. ನಿಮ್ಮ ಟೈರಿನ ಅಡ್ಡಳತೆ ಸುಮಾರು 130 ಸೆಂ.ಮೀ., ಕೇಜ್ ಅದಕ್ಕಿಂತ ಒಂದೆರಡು ಇಂಚು ಕಮ್ಮಿ ಇರಲಿ. ಗಟ್ಟಿ ನೆಲದಲ್ಲಿ ಟೈರ್ ಮಾತ್ರ ನೆಲ ಮುಟ್ಟಬೇಕು, ಕೆಸರಿಗೆ ಇಳಿದಾಗ ಕೇಜ್ ಹೊರೆ ಹೊರಬೇಕು. ದೊಡ್ಡ ಕೇಜ್ ಹಾಕಿದರೆ ಇಡೀ ಭಾರ ಹೊರತುದಿಗೆ ಬಿದ್ದು ಆಕ್ಸೆಲ್ ಬೇರಿಂಗ್ ತಿನ್ನುತ್ತದೆ. ಪಟ್ಟಿಗಳ ಮಧ್ಯೆ ನಿಮ್ಮ ಅಂಗೈ ಸಲೀಸಾಗಿ ಅಡ್ಡ ಹೋಗಬೇಕು. ಜಾಸ್ತಿ ಪಟ್ಟಿ ಇದ್ದರೆ ಜಾಸ್ತಿ ಹಿಡಿತ ಅಂತ ಅಂಗಡಿಯವರು ಹೇಳುತ್ತಾರೆ. ಒತ್ತೊತ್ತಾಗಿದ್ದರೆ ಮಣ್ಣು ಕಚ್ಚಿ ಕೇಜ್ ಪೀಪಾಯಿ ಆಗುತ್ತದೆ, ಅಷ್ಟೇ.

ನರಸಾಪುರ ರಾಗಿಮುದ್ದೆ

ಹಾಫ್ ಕೇಜ್ ಹಾಕಿಸಿದೆ, ವರ್ಕ್‌ಶಾಪಿನವರೇ ಕೂರಿಸಿಕೊಟ್ಟರು. ಮುಂದಕ್ಕೆ ಹೋಗುತ್ತದೆ, ಖುಷಿ. ಆದರೆ ಎರಡು ತೊಂದರೆ. ಎಡಗಡೆ 'ದಡ್ ದಡ್' ಅಂತ ಸದ್ದು, ನಟ್ಟು ಸಡಿಲ ಆಗುತ್ತದೆ. ಮತ್ತೆ ಬಲಗಡೆ ಕೇಜ್‌ಗೂ ಟೈರ್‌ಗೂ ಮಧ್ಯೆ ಮಣ್ಣು ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಪಟ್ಟಿ ಓರೆಯಾಗಿವೆ. ಎಡದ ಚಕ್ರದಲ್ಲೂ ಬಲದ ಚಕ್ರದಲ್ಲೂ ಒಂದೇ ಕಡೆಗೆ ಓರೆ ಕಾಣುತ್ತದೆ, ಫೋಟೋ ಹಾಕಿದ್ದೇನೆ.

ಕುಣಿಗಲ್ ಟಿಲ್ಲರ್

ಫೋಟೋದಲ್ಲೇ ಇದೆಯಲ್ಲ ಗುರುವೇ, ಎರಡೂ ಒಂದೇ ಕಡೆಯ ಕೇಜ್ ಕೊಟ್ಟಿದ್ದಾರೆ!

ಗುಬ್ಬಿ ಸ್ಪ್ಯಾನರ್

ಕುಣಿಗಲ್‌ನವರ ಕಣ್ಣು ಚುರುಕು. ಓರೆ ಪಟ್ಟಿಯ ಕೇಜ್‌ಗೆ ಎಡ ಬಲ ಬೇರೆ ಬೇರೆ. ಟೈರ್ ಬಟನ್‌ನ ಓರೆಯೇ ಹೊರಗೆ ಮುಂದುವರಿದ ಹಾಗೆ ಕಾಣಬೇಕು. ಟೈರ್ ಪಕ್ಕದ ತುದಿ ಮೊದಲು ನೆಲ ಮುಟ್ಟಿ, ಹೊರತುದಿ ಆಮೇಲೆ ಮುಟ್ಟಿದರೆ ಮಣ್ಣು ಹೊರಕ್ಕೆ ಜಾರುತ್ತದೆ. ನಿಮ್ಮ ಬಲಗಡೆ ಉಲ್ಟಾ ಇದೆ, ಮಣ್ಣನ್ನು ಟೈರ್ ಕಡೆಗೇ ನೂಕುತ್ತಿದೆ. ವಾಪಸ್ ಕೊಟ್ಟು ಬಲಗಡೆಯದ್ದು ತನ್ನಿ. ಟೈರಿನ ಬಟನ್ ಸರಿ ಇದೆಯಾ ಅಂತಲೂ ಒಮ್ಮೆ ನೋಡಿ: ಟ್ರಾಕ್ಟರ್ ಹಿಂದೆ ನಿಂತರೆ ಬಟನ್‌ಗಳ ಚೂಪು ಮೇಲಕ್ಕೆ ಇರಬೇಕು.

ಎಡಗಡೆ ಸದ್ದಿಗೆ: ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗಟ್ಟಿ ನೆಲದಲ್ಲಿ ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ, ಆಕ್ಸೆಲ್ ಕೆಳಗೆ ದಪ್ಪ ಮರ ಇಡಿ. ಜಾಕ್ ಒಂದನ್ನೇ ನಂಬಬೇಡಿ. ಒಂದು ಕೋಲು ನೆಲಕ್ಕೆ ನೆಟ್ಟು ಅದರ ತುದಿ ಕೇಜ್ ಪಕ್ಕಕ್ಕೆ ಬರುವ ಹಾಗೆ ನಿಲ್ಲಿಸಿ, ಚಕ್ರ ಕೈಯಲ್ಲಿ ತಿರುಗಿಸಿ. ಕೋಲಿಗೂ ಕೇಜಿಗೂ ನಡುವಿನ ಸಂದು ಒಂದು ಕಡೆ ಬೆರಳು ದಪ್ಪ, ಇನ್ನೊಂದು ಕಡೆ ಸವರಿಕೊಂಡು ಹೋದರೆ ಕೇಜ್ ಸೊಟ್ಟ ಕೂತಿದೆ. ಬಿಚ್ಚಿ ನೋಡಿ, ಹೆಚ್ಚು ಪಾಲು ರಿಮ್ ಮೇಲೆ ಒಣಗಿದ ಮಣ್ಣೋ ಬಣ್ಣದ ಗಂಟೋ ಸಿಕ್ಕಿರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ ಕೂರಿಸಿ. ನಟ್ಟುಗಳನ್ನು ಸುತ್ತಲೂ ಸಾಲಾಗಿ ಬಿಗಿಯಬೇಡಿ, ಎದುರುಬದುರು ಬಿಗಿಯಿರಿ, ಸ್ಪ್ರಿಂಗ್ ವಾಷರ್ ಹಾಕಿ. ಒಂದು ಸುತ್ತು ಉತ್ತು ಬಂದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಮಣ್ಣು ಅಂಟುವುದಕ್ಕೆ ಇನ್ನೊಂದು ಕಾರಣ ನೀರು ಸಾಲದಿರುವುದು. ಅರೆಬರೆ ಒದ್ದೆಯಾದ ಗೋಡೇ ಅತಿ ಅಂಟು. ಮಡಿಯಲ್ಲಿ ಎರಡು ಮೂರು ಇಂಚು ನೀರು ನಿಲ್ಲಿಸಿ ಇಳಿಯಿರಿ. ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ನೇರ ಹೋಗುವಾಗ ಮಾತ್ರ, ಬದುವಿನ ಹತ್ತಿರ ತಿರುಗಿಸುವ ಮೊದಲು ಬಿಡಿ.

ನರಸಾಪುರ ರಾಗಿಮುದ್ದೆ

ಬಲಗಡೆಯದ್ದು ಬದಲಾಯಿಸಿಕೊಟ್ಟರು, ದುಡ್ಡು ಕೇಳಲಿಲ್ಲ. ಎಡ ರಿಮ್ ಮೇಲೆ ಹಳೇ ವೆಲ್ಡಿಂಗ್ ಗಂಟು ಇತ್ತು, ಉಜ್ಜಿಸಿದೆ, ಸದ್ದು ಹೋಯಿತು. ಮೇಲಿನ ಮಡಿಗಳೆಲ್ಲ ಆಯಿತು. ತೂಬಿನ ಮೂಲೆಗೆ ಟಿಲ್ಲರ್ ಬಾಡಿಗೆಗೆ ಹೇಳಿದ್ದೇವೆ. ಕೆಸರು ಹಬ್‌ವರೆಗೂ ಬಂದಿತ್ತು, ತೊಳೆದರೆ ಸಾಕಾ?

ಗುಬ್ಬಿ ಸ್ಪ್ಯಾನರ್

ಅವತ್ತೇ ತೊಳೆಯಿರಿ, ಒಣಗಲು ಬಿಡಬೇಡಿ. ಮುಂದಿನ ಹಬ್‌ಗೆ ಹಳೇ ಗ್ರೀಸ್ ಹೊರಗೆ ಬರುವವರೆಗೂ ಹೊಸದು ಹೊಡೆಯಿರಿ. ಹಿಂದಿನ ಚಕ್ರದ ಒಳಪಕ್ಕ ಎಣ್ಣೆ ಜಿನುಗಿದ ಗುರುತು ಇದ್ದರೆ ಆಯಿಲ್ ಸೀಲ್ ಹೋಗಿದೆ ಅಂತ, ನಾಟಿ ಮುಗಿಯುವವರೆಗೂ ಕಾಯದೆ ಬದಲಾಯಿಸಿ. ನಿಮ್ಮದು ಎಣ್ಣೆಯಲ್ಲಿ ಮುಳುಗಿರದ ಡ್ರೈ ಬ್ರೇಕ್ ಆಗಿದ್ದು, ಎಣ್ಣೆ ಅದಕ್ಕೆ ಇಳಿದರೆ ಟ್ರೇಲರ್ ಕಟ್ಟಿಕೊಂಡು ರಸ್ತೆಗೆ ಹೋದಾಗ ಗಾಡಿ ನಿಲ್ಲುವುದಿಲ್ಲ.